ಪರದೇಶದ ಆಕಾಶಮಾರ್ಗದ ಶುಲ್ಕ: ಖಾಸಗಿ ವಿಮಾನಗಳ ಲೆಕ್ಕಾಚಾರ – ಒಂದು ಅಧ್ಯಯನ

ವ್ಯಾಪಾರೋದ್ಯಮದಲ್ಲಿ ತೊಡಗಿರುವವರಿಗೆ ದಾರಿಯ ಸುಂಕ ಹೊಸ ವಿಷಯವಲ್ಲ. ಆಕ್ಟ್ರಾಯ್ ನಾಕೆಗಳ ಕಾಲವನ್ನು ಕಂಡ ಹಿರಿಯ ಸದಸ್ಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಹೆದ್ದಾರಿಯ ಟೋಲ್, ಬಂದರಿನ ವಾರ್ಫೇಜ್, ರೈಲ್ವೆಯ ಡೆಮರೇಜ್ ಇವುಗಳ ಲೆಕ್ಕ ನಮಗೆ ಬಾಯಿಪಾಠವಾಗಿದೆ. ಆದರೆ ಒಂದು ದೇಶದ ನೆಲವನ್ನು ಮುಟ್ಟದೆ, ಕೇವಲ ಅದರ ಮೇಲಿನಿಂದ ಹಾದುಹೋಗುವ ಸಣ್ಣ ವಿಮಾನಕ್ಕೂ ಆ ದೇಶದಿಂದ ಬಿಲ್ಲು ಬರುತ್ತದೆಂಬುದು ಅನೇಕರಿಗೆ ತಿಳಿದಿರಲಾರದು. ದೊಡ್ಡ ವಿಮಾನಯಾನ ಸಂಸ್ಥೆಗಳು ಇಂತಹ ಶುಲ್ಕವನ್ನು ಟಿಕೇಟಿನ ದರದಲ್ಲಿ ಸೇರಿಸಿಬಿಡುತ್ತವೆ. ಸ್ವಂತ ವಿಮಾನವನ್ನು ತಾನೇ ನಡೆಸುವ ಖಾಸಗಿ ಪೈಲಟ್‌ಗಾಗಲಿ, ವ್ಯವಹಾರದ ನಿಮಿತ್ತ ಸಣ್ಣ ವಿಮಾನ ಇಟ್ಟುಕೊಂಡಿರುವ ಸಂಸ್ಥೆಗಾಗಲಿ ಆ ಅನುಕೂಲವಿಲ್ಲ.

ಬೆಂಗಳೂರು, ಬೆಳಗಾವಿಗಳಲ್ಲಿ ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಘಟಕಗಳು ಬೆಳೆದಿರುವುದರಿಂದ ಈ ವಿಷಯ ನಮ್ಮ ಸದಸ್ಯರಿಗೆ ಪೂರ್ಣವಾಗಿ ಪರಕೀಯವೂ ಅಲ್ಲ. ಶುಲ್ಕದ ಒಂದು ನಿಯಮವು ವಿಮಾನದ ತೂಕವನ್ನೇ ಹೇಗೆ ನಿರ್ಧರಿಸುತ್ತದೆಂಬುದನ್ನು ಮುಂದೆ ನೋಡಲಿದ್ದೇವೆ. ತಯಾರಕರಾದವರು ಆ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರಿಕೆ.

ಶುಲ್ಕದ ಕಾನೂನು ಮೂಲ

1944ರ ಡಿಸೆಂಬರ್ 7ರಂದು ಅಮೆರಿಕದ ಷಿಕಾಗೋ ನಗರದಲ್ಲಿ ಸಹಿಯಾದ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದವೇ ಈ ವ್ಯವಸ್ಥೆಗೆ ತಳಹದಿ. ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ಭೂಪ್ರದೇಶದ ಮೇಲಿನ ಆಕಾಶದಲ್ಲಿ ಸಂಪೂರ್ಣ ಸಾರ್ವಭೌಮತ್ವವಿದೆಯೆಂದು ಅದರ ಮೊದಲನೆಯ ವಿಧಿ ಸಾರುತ್ತದೆ. ಹಾಗಿದ್ದರೆ ತನ್ನ ಆಕಾಶದಲ್ಲಿ ಹಾದುಹೋಗುವವರಿಂದ ಮನಬಂದಷ್ಟು ಸುಂಕ ವಸೂಲು ಮಾಡಬಹುದೆ? ಇಲ್ಲ. ಕೇವಲ ಹಾದುಹೋಗುವ, ಒಳಬರುವ ಅಥವಾ ಹೊರಹೋಗುವ ಹಕ್ಕಿಗಾಗಿ ಯಾವ ಶುಲ್ಕವನ್ನೂ ವಿಧಿಸಕೂಡದೆಂದು ಅದೇ ಒಪ್ಪಂದದ 15ನೆಯ ವಿಧಿ ತಡೆಯುತ್ತದೆ. ಮಾತ್ರವಲ್ಲ, ಸೌಲಭ್ಯಗಳಿಗಾಗಿ ವಿಧಿಸುವ ದರದಲ್ಲಿ ಸ್ವದೇಶಿ ವಿಮಾನಕ್ಕಿಂತ ಪರದೇಶಿ ವಿಮಾನಕ್ಕೆ ಹೆಚ್ಚಿನದನ್ನು ಹೇರಬಾರದೆಂದೂ ಹೇಳುತ್ತದೆ.

ಆದುದರಿಂದ ಇಂದು ಜಗತ್ತಿನಾದ್ಯಂತ ವಸೂಲಾಗುತ್ತಿರುವುದು ಹಾದಿಯ ಸುಂಕವಲ್ಲ, ಸೇವೆಯ ದರ. ರೇಡಾರ್ ಕೇಂದ್ರ, ರೇಡಿಯೋ ಸಂಪರ್ಕ, ಹವಾಮಾನ ಮಾಹಿತಿ, ಎರಡು ವಿಮಾನಗಳ ನಡುವೆ ಸುರಕ್ಷಿತ ಅಂತರವನ್ನು ಕಾಯ್ದುಕೊಡುವ ನಿಯಂತ್ರಕರ ಸಂಬಳ ಇವುಗಳ ವೆಚ್ಚವನ್ನು ಬಳಕೆದಾರರಿಗೆ ಹಂಚುವುದೇ ಇದರ ತತ್ತ್ವ. ಯಾವ ದೇಶಕ್ಕೂ ಸೇರದ ಸಾಗರದ ಮೇಲೆ ಹಾರುವಾಗಲೂ ಬಿಲ್ಲು ಬರುವುದಕ್ಕೆ ಇದೇ ಕಾರಣ. ಅಲ್ಲಿ ಸಾರ್ವಭೌಮತ್ವವಿಲ್ಲ, ಆದರೆ ಸೇವೆಯಿದೆ. ತತ್ತ್ವ ಹೀಗಿದ್ದರೂ ಆಚರಣೆಯಲ್ಲಿ ಅಪವಾದಗಳಿವೆ. ಸೈಬೀರಿಯದ ಮಾರ್ಗಕ್ಕಾಗಿ ಯೂರೋಪಿನ ವಿಮಾನ ಸಂಸ್ಥೆಗಳು ರಷ್ಯಾದ ಏರೋಫ್ಲಾಟ್ ಸಂಸ್ಥೆಗೆ ಬಹುಕಾಲ ಕೊಡಬೇಕಾಗಿ ಬಂದ ಹಣವನ್ನು ಯೂರೋಪ್ ಒಕ್ಕೂಟವು ಇದೇ ಕಾರಣದಿಂದ ಆಕ್ಷೇಪಿಸಿತ್ತು.

ಯೂರೋಪಿನ ಲೆಕ್ಕ ಹಾಕುವ ಕ್ರಮ

ಶುಲ್ಕದ ಲೆಕ್ಕವನ್ನು ಅರಿಯಲು ಯೂರೋಪಿಗಿಂತ ಉತ್ತಮ ಉದಾಹರಣೆ ಇಲ್ಲ. ಎರಡು ಗಂಟೆಗಳ ಹಾರಾಟದಲ್ಲಿ ನಾಲ್ಕು ದೇಶಗಳನ್ನು ದಾಟಬಹುದಾದ ಆ ಖಂಡದಲ್ಲಿ ಪ್ರತಿಯೊಂದು ದೇಶಕ್ಕೂ ಬೇರೆ ಬೇರೆ ಬಿಲ್ಲು ಪಾವತಿಸುವುದು ಅಸಾಧ್ಯವೆಂದು ಕಂಡು, ಬ್ರಸೆಲ್ಸ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಯೂರೋಕಂಟ್ರೋಲ್ ಸಂಸ್ಥೆಯ ಮೂಲಕ 1971ರಲ್ಲಿ ಒಂದೇ ಪದ್ಧತಿಯನ್ನು ಆರಂಭಿಸಲಾಯಿತು. 1981ರ ಬಹುಪಕ್ಷೀಯ ಒಪ್ಪಂದದಿಂದ ಅದಕ್ಕೆ ಇಂದಿನ ರೂಪ ಬಂದಿತು. ಎಲ್ಲ ದೇಶಗಳ ಬಾಕಿಯನ್ನು ಒಟ್ಟುಗೂಡಿಸಿ ತಿಂಗಳಿಗೊಮ್ಮೆ ಯೂರೋ ನಾಣ್ಯದಲ್ಲಿ ಒಂದೇ ಬಿಲ್ಲು ಕಳುಹಿಸಿ, ವಸೂಲಾದ ಹಣವನ್ನು ಆಯಾ ದೇಶಕ್ಕೆ ಹಂಚಲಾಗುತ್ತದೆ.

ಬಿಲ್ಲಿನಲ್ಲಿ ಮೂರು ಅಂಶಗಳಿವೆ. ಮೊದಲನೆಯದು ದೂರ: ಆಯಾ ದೇಶದ ವಲಯದಲ್ಲಿ ಕ್ರಮಿಸಿದ ಕಿಲೋಮೀಟರುಗಳನ್ನು ನೂರರಿಂದ ಭಾಗಿಸಬೇಕು. ಆ ವಲಯದಲ್ಲಿ ಏರಿದ್ದರೆ ಅಥವಾ ಇಳಿದಿದ್ದರೆ ಪ್ರತಿಯೊಂದಕ್ಕೂ 20 ಕಿಲೋಮೀಟರ್ ಕಳೆಯಬೇಕು. ಎರಡನೆಯದು ತೂಕ: ವಿಮಾನಕ್ಕೆ ಪ್ರಮಾಣೀಕರಿಸಿದ ಗರಿಷ್ಠ ಟೇಕಾಫ್ ತೂಕವನ್ನು ಟನ್‌ಗಳಲ್ಲಿ ತೆಗೆದುಕೊಂಡು, 50ರಿಂದ ಭಾಗಿಸಿ, ಬಂದುದರ ವರ್ಗಮೂಲವನ್ನು ಕಂಡುಹಿಡಿಯಬೇಕು. ಮೂರನೆಯದು ಆಯಾ ದೇಶ ಪ್ರಕಟಿಸುವ ಘಟಕ ದರ, ಅಂದರೆ 50 ಟನ್ನಿನ ವಿಮಾನವೊಂದು ನೂರು ಕಿಲೋಮೀಟರ್ ಹಾರಿದರೆ ತೆರಬೇಕಾದ ಮೊತ್ತ. ಈ ಮೂರನ್ನೂ ಗುಣಿಸಿದರೆ ಶುಲ್ಕ ದೊರೆಯುತ್ತದೆ.

ಲೆಕ್ಕದ ಸೌಲಭ್ಯಕ್ಕಾಗಿ ಘಟಕ ದರ 60 ಯೂರೋ ಎಂದೂ, ದೂರ 500 ಕಿಲೋಮೀಟರ್ ಎಂದೂ ಇಟ್ಟುಕೊಳ್ಳೋಣ. ಗರಿಷ್ಠ ತೂಕ 351.5 ಟನ್ ಇರುವ ಬೋಯಿಂಗ್ 777-300 ಇಆರ್ ವಿಮಾನದ ತೂಕಾಂಶ 2.65 ಆಗುತ್ತದೆ, ಶುಲ್ಕ 795 ಯೂರೋ. ಉದ್ಯಮಿಗಳು ಹೆಚ್ಚಾಗಿ ಬಳಸುವ ಒಂಟಿ ಎಂಜಿನ್ನಿನ ಪಿಲಾಟಸ್ ಪಿಸಿ-12ರ ತೂಕ 4.74 ಟನ್, ತೂಕಾಂಶ 0.31, ಶುಲ್ಕ 93 ಯೂರೋ. ಇನ್ನೂ ಸಣ್ಣದಾದ 2.3 ಟನ್ನಿನ ಅವಳಿ ಎಂಜಿನ್ ವಿಮಾನಕ್ಕೆ ತೂಕಾಂಶ 0.21, ಶುಲ್ಕ 63 ಯೂರೋ. ಬೋಯಿಂಗ್ ವಿಮಾನವು ಈ ಕೊನೆಯದಕ್ಕಿಂತ ಸುಮಾರು 150 ಪಟ್ಟು ಭಾರವಾಗಿದ್ದರೂ ತೆರುವ ಶುಲ್ಕ ಹನ್ನೆರಡೂವರೆ ಪಟ್ಟು ಮಾತ್ರ. ಟನ್ನಿಗೆ ಇಷ್ಟೆಂದು ನೋಡಿದರೆ ದೊಡ್ಡದಕ್ಕೆ 2.26 ಯೂರೋ, ಸಣ್ಣದಕ್ಕೆ 27 ಯೂರೋ ಬೀಳುತ್ತದೆ.

ಇದು ಅನ್ಯಾಯವೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಆದರೆ ನಿಯಂತ್ರಕನ ದೃಷ್ಟಿಯಿಂದ ನೋಡಿದರೆ ಪರದೆಯ ಮೇಲೆ ಕಾಣುವ ಚುಕ್ಕೆ ಎರಡಕ್ಕೂ ಒಂದೇ; ಪಡುವ ಶ್ರಮವೂ ಬಹುಮಟ್ಟಿಗೆ ಒಂದೇ. ವೆಚ್ಚವನ್ನೇ ಹಿಡಿದರೆ ಇಬ್ಬರೂ ಸಮನಾಗಿ ತೆರಬೇಕು. ತೆರುವ ಶಕ್ತಿಯನ್ನೇ ಹಿಡಿದರೆ ತೂಕಕ್ಕೆ ಅನುಗುಣವಾಗಿ ತೆರಬೇಕು. ವರ್ಗಮೂಲವೆಂಬುದು ಈ ಎರಡರ ನಡುವಣ ರಾಜಿಸೂತ್ರ. ವಿದ್ಯುತ್ ಬಿಲ್ಲಿನಲ್ಲಿ ನಿಗದಿತ ಶುಲ್ಕ ಮತ್ತು ಬಳಕೆಯ ಶುಲ್ಕಗಳ ಬಗ್ಗೆ ವಾದಿಸಿ ಬೇಸತ್ತಿರುವ ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ದೂರದ ಲೆಕ್ಕದಲ್ಲಿಯೂ ಒಂದು ಬದಲಾವಣೆ ಆಗಿದೆ. 2019ರವರೆಗೆ ಪೈಲಟ್ ಸಲ್ಲಿಸಿದ ಹಾರಾಟ ಯೋಜನೆಯ ಮಾರ್ಗವನ್ನೇ ಹಿಡಿದು ಬಿಲ್ಲು ಮಾಡಲಾಗುತ್ತಿತ್ತು. ಪಕ್ಕದ ದೇಶದ ದರ ಕಡಿಮೆಯಿದ್ದರೆ ಆ ಕಡೆಯಿಂದ ಸುತ್ತಿ ಹೋಗುವುದಾಗಿ ಕಾಗದದಲ್ಲಿ ತೋರಿಸುವ ಆಸೆಗೆ ಅಲ್ಲಿ ಅವಕಾಶವಿತ್ತು. 2020ರ ಜನವರಿಯಿಂದ ವಾಸ್ತವವಾಗಿ ಹಾರಿದ ಮಾರ್ಗವೇ ಲೆಕ್ಕಕ್ಕೆ ಬರುತ್ತದೆ.

ಎರಡು ಟನ್ನಿನ ಗೆರೆ

ಯೂರೋಪಿನ ಪದ್ಧತಿಯಲ್ಲಿ ಖಾಸಗಿ ಪೈಲಟ್‌ಗಳಿಗೆ ಅತ್ಯಂತ ಮಹತ್ವದ ಅಂಶವೆಂದರೆ ವಿನಾಯಿತಿ. ಗರಿಷ್ಠ ಟೇಕಾಫ್ ತೂಕ ಎರಡು ಟನ್ನಿಗಿಂತ ಕಡಿಮೆಯಿರುವ ವಿಮಾನಕ್ಕೆ ಮಾರ್ಗ ಶುಲ್ಕವಿಲ್ಲ. ತರಬೇತಿ ಶಾಲೆಗಳಲ್ಲಿ ಕಾಣುವ ನಾಲ್ಕು ಆಸನಗಳ ಸೆಸ್ನಾ 172 ಈ ಗೆರೆಯ ಒಳಗಿದೆ. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ಎರಡು ಆಸನಗಳ ಹಂಸ-3 ವಿಮಾನದ ತೂಕ ಸುಮಾರು 750 ಕಿಲೋ ಆದುದರಿಂದ ಅದು ಯೂರೋಪಿನಲ್ಲಿ ಹಾರಿದರೂ ಇದೇ ವಿನಾಯಿತಿಗೆ ಅರ್ಹ. 2019ರ ಮೇ ತಿಂಗಳಿನಲ್ಲಿ ಭಾರತದ ಆರೋಹಿ ಪಂಡಿತ್ ಅವರು ಸ್ಕಾಟ್ಲೆಂಡಿನಿಂದ ಹೊರಟು ಐಸ್‌ಲೆಂಡ್, ಗ್ರೀನ್‌ಲೆಂಡ್ ಮಾರ್ಗವಾಗಿ ಕೆನಡಾದವರೆಗೆ ಏಕಾಂಗಿಯಾಗಿ ಅಟ್ಲಾಂಟಿಕ್ ದಾಟಿದ್ದು ಇಂತಹುದೇ ಹಗುರ ವಿಮಾನದಲ್ಲಿ.

ಎಲ್ಲಿ ಗೆರೆಯಿದೆಯೋ ಅಲ್ಲಿ ಗೆರೆಯ ಈಚೆಗೆ ನಿಲ್ಲುವ ಜಾಣತನವೂ ಇರುತ್ತದೆ. ಆಸ್ಟ್ರಿಯ ದೇಶದ ಡೈಮಂಡ್ ಸಂಸ್ಥೆ ತಯಾರಿಸುವ ಡಿಎ62 ಎಂಬ ಅವಳಿ ಎಂಜಿನ್ ವಿಮಾನದ ಗರಿಷ್ಠ ತೂಕ 2,300 ಕಿಲೋ. ಅದೇ ವಿಮಾನ ಯೂರೋಪಿನ ಗ್ರಾಹಕರಿಗೆ 1,999 ಕಿಲೋ ತೂಕದ ಪ್ರಮಾಣಪತ್ರದೊಡನೆಯೂ ಲಭ್ಯವಿದೆ. ಅದರ ಸೋದರ ಮಾದರಿಯಾದ ಡಿಎ42ರ ಇತ್ತೀಚಿನ ರೂಪದ ತೂಕವೂ 1,999 ಕಿಲೋ. ಬಲ್ಲವರಿಗೆ ಈ ಸಂಖ್ಯೆಯೇ ಕಥೆಯನ್ನೆಲ್ಲ ಹೇಳುತ್ತದೆ. ಇದು ಶಿಲ್ಪಿಯ ಮೇಜಿನ ಮೇಲೆ ಹುಟ್ಟಿದ ಸಂಖ್ಯೆಯಲ್ಲ, ದರಪಟ್ಟಿಯಿಂದ ಹುಟ್ಟಿದ್ದು.

ಈ ಉಳಿತಾಯದ ಬೆಲೆ ಎಷ್ಟೆಂಬುದನ್ನೂ ನೋಡಬೇಕು. ಡಿಎ62ರ ವಿಷಯದಲ್ಲಿ ಕಾಗದದ ಮೇಲೆ ಬಿಟ್ಟುಕೊಡುವ ತೂಕ 301 ಕಿಲೋ. ಅಂದರೆ ಮೂವರು ಪ್ರಯಾಣಿಕರು ಮತ್ತು ಅವರ ಸಾಮಾನು, ಅಥವಾ ಹಲವು ಗಂಟೆಗಳ ಇಂಧನ. ವರ್ಷಕ್ಕೆ 20,000 ಕಿಲೋಮೀಟರ್ ಹಾರುವ ಮಾಲೀಕನಿಗೆ ಮೇಲಿನ ಕಲ್ಪಿತ ದರದಂತೆ ಉಳಿಯುವ ಶುಲ್ಕ 2,520 ಯೂರೋ. ಒಬ್ಬರೇ ಅಥವಾ ಇಬ್ಬರೇ ಪಯಣಿಸುವವರಿಗೆ ಇದು ನಿಜಕ್ಕೂ ಲಾಭ. ಐದಾರು ಜನರನ್ನು ಕರೆದೊಯ್ಯಬೇಕಾದ ಸಂಸ್ಥೆಗೆ ಇದು ತೋರಿಕೆಯ ಲಾಭವೇ ಸರಿ, ಏಕೆಂದರೆ ಒಂದು ಹೆಚ್ಚಿನ ಸುತ್ತು ಹಾರಿದರೆ ಉಳಿಸಿದ್ದೆಲ್ಲ ಇಂಧನಕ್ಕೆ ಹೋಗುತ್ತದೆ. ಇನ್ನು ಕಡಿಮೆ ತೂಕದ ಪ್ರಮಾಣಪತ್ರ ಇಟ್ಟುಕೊಂಡು ಹೆಚ್ಚು ಭಾರ ಹೇರುವುದು ಕಾನೂನುಬಾಹಿರ. ಅಪಘಾತವಾದಲ್ಲಿ ವಿಮೆಯ ಹಕ್ಕೇ ಅಪಾಯಕ್ಕೊಳಗಾಗುತ್ತದೆ.

ನಮ್ಮಲ್ಲಿಯೂ ಇಂತಹ ಗೆರೆಗಳಿಗೆ ಕೊರತೆಯಿಲ್ಲ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಮೀರದ ಸಣ್ಣ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದ ಮೇಲೆ ಕಾರುಗಳ ಹಿಂಭಾಗವೇ ಮೊಟಕಾಯಿತು. ಜಿಎಸ್‌ಟಿ ಬರುವ ಮೊದಲು ಒಂದೂವರೆ ಕೋಟಿ ರೂಪಾಯಿಯ ಸಣ್ಣ ಕೈಗಾರಿಕಾ ವಿನಾಯಿತಿಯ ಮಿತಿಯೊಳಗೆ ವಹಿವಾಟನ್ನು ಹಿಡಿದಿಟ್ಟು, ಬೆಳೆಯಬಹುದಾಗಿದ್ದ ಘಟಕಗಳು ಬೆಳೆಯದೆ ಉಳಿದುದನ್ನೂ ನಾವು ಬಲ್ಲೆವು. ಒಮ್ಮೆಲೇ ಕಡಿದಂತೆ ನಿಲ್ಲುವ ವಿನಾಯಿತಿಗಿಂತ ಇಳಿಜಾರಿನಂತೆ ಕ್ರಮೇಣ ಕರಗುವ ವಿನಾಯಿತಿ ಲೇಸೆಂಬುದು ಈ ಲೇಖಕನ ಅಭಿಪ್ರಾಯ.

ವಿನಾಯಿತಿ ಪಡೆದ ವಿಮಾನಕ್ಕೂ ಸೇವೆ ಸಲ್ಲುತ್ತದೆ. ಅದರ ಖರ್ಚನ್ನು ಭರಿಸುವವರು ಯಾರು? ಯೂರೋಪ್ ಒಕ್ಕೂಟದ ನಿಯಮದಂತೆ ಆ ಹೊರೆಯನ್ನು ಇತರ ಬಳಕೆದಾರರ ಮೇಲೆ ಹಾಕುವಂತಿಲ್ಲ. ಆಯಾ ಸರಕಾರವೇ ತನ್ನ ಬೊಕ್ಕಸದಿಂದ ತುಂಬಿಕೊಡಬೇಕು.

ತೂಕದ ವಿನಾಯಿತಿಯ ಜೊತೆಗೆ ಹಾರಾಟದ ಕ್ರಮದ ವಿನಾಯಿತಿಯೂ ಉಂಟು. ಪೈಲಟ್ ಕಣ್ಣಿನಿಂದ ಕಂಡು ದಾರಿ ಹಿಡಿಯುವ ವಿಎಫ್‌ಆರ್ ಹಾರಾಟಕ್ಕೆ ಸಾಮಾನ್ಯವಾಗಿ ಮಾರ್ಗ ಶುಲ್ಕ ಬೀಳುವುದಿಲ್ಲ; ಉಪಕರಣಗಳನ್ನೂ ನಿಯಂತ್ರಕರನ್ನೂ ಅವಲಂಬಿಸುವ ಐಎಫ್‌ಆರ್ ಹಾರಾಟಕ್ಕೆ ಬೀಳುತ್ತದೆ. ತರ್ಕ ಸರಿಯಾಗಿಯೇ ಇದೆ. ಅಪಾಯ ಇರುವುದು ಬೇರೆಡೆ. ಎರಡು ಟನ್ನಿಗಿಂತ ಸ್ವಲ್ಪವೇ ಭಾರವಾದ ವಿಮಾನದ ಮಾಲೀಕ ಅರವತ್ತು ಯೂರೋ ಉಳಿಸಲು ಮೋಡ ಕವಿದ ದಿನವೂ ಆಲ್ಪ್ಸ್ ಪರ್ವತಗಳ ಕಣಿವೆಯಲ್ಲಿ ಕಣ್ಣಂದಾಜಿನಲ್ಲಿ ಹಾರಲು ಮನಸ್ಸು ಮಾಡಿದರೆ? ಸುರಕ್ಷತೆಯ ಸೇವೆಗೆ ಬಿಡಿಬಿಡಿಯಾಗಿ ದರ ಕಟ್ಟಿದರೆ ಸಣ್ಣವರು ಆ ಸೇವೆಯನ್ನೇ ತಪ್ಪಿಸಿಕೊಳ್ಳಲು ನೋಡುತ್ತಾರೆಂಬುದು 1939ರಲ್ಲಿ ಸ್ಥಾಪನೆಯಾದ ಅಮೆರಿಕದ ಏರ್‌ಕ್ರಾಫ್ಟ್ ಓನರ್ಸ್ ಅಂಡ್ ಪೈಲಟ್ಸ್ ಅಸೋಸಿಯೇಷನ್ ಬಹುಕಾಲದಿಂದ ಮಂಡಿಸುತ್ತ ಬಂದಿರುವ ವಾದ. ಈ ವಾದದಲ್ಲಿ ಸ್ವಹಿತವೂ ಇದೆ, ಸತ್ಯಾಂಶವೂ ಇದೆ.

ಅಮೆರಿಕ ಮತ್ತು ಕೆನಡಾದ ದಾರಿಗಳು

ಅಮೆರಿಕದಲ್ಲಿ ಹಾರುವ ಖಾಸಗಿ ಪೈಲಟ್‌ಗೆ ಪ್ರತ್ಯೇಕ ಬಿಲ್ಲು ಬರುವುದಿಲ್ಲ. ವಿಮಾನದ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 19.4 ಸೆಂಟ್‌ನಂತೆ ವಿಧಿಸುವ ಕೇಂದ್ರ ತೆರಿಗೆಯೇ ಆತನ ಪಾಲು. ಹಾರಿದಷ್ಟು ಇಂಧನ, ಇಂಧನದಷ್ಟು ತೆರಿಗೆ. ಲೆಕ್ಕ ಬರೆಯುವ ತೊಂದರೆ ಇಲ್ಲ. 2011ರಲ್ಲಿ ಒಬಾಮಾ ಆಡಳಿತವು ಪ್ರತಿ ಹಾರಾಟಕ್ಕೆ 100 ಡಾಲರಿನ ಶುಲ್ಕವನ್ನು ಪ್ರಸ್ತಾಪಿಸಿದಾಗ ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳನ್ನು ಹೊರಗಿಟ್ಟಿದ್ದರೂ ಪ್ರಬಲ ವಿರೋಧ ಬಂದು, ಅದು ಜಾರಿಗೆ ಬರಲಿಲ್ಲ.

ಆದರೆ ಅಮೆರಿಕದಲ್ಲಿ ಏರದೆ, ಇಳಿಯದೆ, ಕೇವಲ ಹಾದುಹೋಗುವ ವಿಮಾನವು ಅಲ್ಲಿ ಇಂಧನವನ್ನೇ ಕೊಳ್ಳುವುದಿಲ್ಲ. ಅಂತಹವರಿಂದ ಶುಲ್ಕ ಪಡೆಯಲು 1996ರಲ್ಲಿ ಕಾನೂನು ಮಾಡಲಾಯಿತು. 1997ರಲ್ಲಿ ಹೊರಡಿಸಿದ ದರಪಟ್ಟಿಯನ್ನು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು 1998ರಲ್ಲಿ ರದ್ದುಪಡಿಸಿತು. ಅದರ ಕಾರಣವು ಪ್ರತಿಯೊಬ್ಬ ವ್ಯಾಪಾರಿಯೂ ತಿಳಿಯಬೇಕಾದುದು. ವೆಚ್ಚಕ್ಕೆ ನೇರ ಸಂಬಂಧವಿರುವ ದರವನ್ನು ಮಾತ್ರ ವಿಧಿಸಬೇಕೆಂದು ಕಾನೂನು ಹೇಳಿತ್ತು. ಇಲಾಖೆಯಾದರೋ ಸಾಮಾನ್ಯ ವೆಚ್ಚವನ್ನು ಹಂಚುವಾಗ ಯಾವ ಬಳಕೆದಾರನು ದರ ಹೆಚ್ಚಿದರೂ ದಾರಿ ಬದಲಿಸಲಾರನೋ ಅವನ ತಲೆಗೆ ಹೆಚ್ಚು ಹೊರಿಸಿತ್ತು. ಗಿರಾಕಿಯ ಅನಿವಾರ್ಯತೆಯನ್ನು ನೋಡಿ ಬೆಲೆ ಕಟ್ಟುವುದು ಅಂಗಡಿಯಲ್ಲಿ ನಡೆಯಬಹುದು. ಕಾನೂನಿನ ಬಲದಿಂದ ಏಕಸ್ವಾಮ್ಯ ಹೊಂದಿರುವ ಸರಕಾರಿ ಇಲಾಖೆಗೆ ಈ ಕಾನೂನು ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಮುಂದೆ ದರಗಳನ್ನು ಹೊಸದಾಗಿ ರೂಪಿಸಲಾಯಿತು. 2019ರ ಜನವರಿಯಲ್ಲಿ ಜಾರಿಗೆ ಬಂದ ದರದಂತೆ ನೂರು ನಾಟಿಕಲ್ ಮೈಲಿಗೆ ಭೂಭಾಗದ ಮಾರ್ಗದಲ್ಲಿ 61.75 ಡಾಲರ್, ಸಾಗರದ ಮಾರ್ಗದಲ್ಲಿ 26.51 ಡಾಲರ್. ಇದರಲ್ಲಿ ತೂಕದ ಲೆಕ್ಕವೇ ಇಲ್ಲ. ಮೆಕ್ಸಿಕೋದಿಂದ ಕೆನಡಾಕ್ಕೆ ನೇರವಾಗಿ ಹಾರುವ ಆರು ಆಸನಗಳ ವಿಮಾನವೂ ಮುನ್ನೂರು ಆಸನಗಳ ವಿಮಾನವೂ ಒಂದೇ ದರ ತೆರುತ್ತವೆ.

ಕೆನಡಾ ಮೂರನೆಯ ದಾರಿಯನ್ನು ಹಿಡಿದಿದೆ. 1996ರಲ್ಲಿ ಅಲ್ಲಿನ ಸರಕಾರವು ತನ್ನ ನಿಯಂತ್ರಣ ವ್ಯವಸ್ಥೆಯನ್ನು ನ್ಯಾವ್ ಕೆನಡಾ ಎಂಬ ಲಾಭರಹಿತ ಖಾಸಗಿ ಸಂಸ್ಥೆಗೆ 150 ಕೋಟಿ ಕೆನಡಿಯನ್ ಡಾಲರಿಗೆ ಮಾರಿತು. ಮೂರು ಟನ್ ಮೀರದ ಸಣ್ಣ ವಿಮಾನಗಳಿಗೆ ಅದು ದೂರದ ಲೆಕ್ಕ ಹಿಡಿಯದೆ ಸ್ವದೇಶಿಗಳಿಂದ ವರ್ಷಕ್ಕೊಮ್ಮೆ, ಪರದೇಶಿ ನೋಂದಣಿಯವರಿಂದ ಹಾರಿದ ತ್ರೈಮಾಸಿಕಕ್ಕೆ ಒಮ್ಮೆ ನಿಗದಿತ ಮೊತ್ತ ಪಡೆಯುತ್ತದೆ. ಸಣ್ಣ ಬಿಲ್ಲನ್ನು ತಯಾರಿಸಿ ಕಳುಹಿಸುವ ಖರ್ಚು ಬಿಲ್ಲಿನ ಮೊತ್ತಕ್ಕಿಂತ ಹೆಚ್ಚಾಗಬಾರದೆಂಬ ವ್ಯವಹಾರ ಜ್ಞಾನ ಇದರಲ್ಲಿದೆ. ಮೂರು ಪದ್ಧತಿಗಳಲ್ಲಿ ಸಣ್ಣ ಬಳಕೆದಾರನಿಗೆ ಇದೇ ಸುಗಮವೆಂದು ತೋರುತ್ತದೆ.

ಬಾಕಿ ಯಾರ ತಲೆಗೆ?

ಶುಲ್ಕದ ಮೊತ್ತಕ್ಕಿಂತ ಹೆಚ್ಚಿನ ತೊಂದರೆ ಬರುವುದು ಹೊಣೆಗಾರಿಕೆಯ ವಿಷಯದಲ್ಲಿ. ಯೂರೋಪಿನ ನಿಯಮದಂತೆ ಹಾರಾಟದ ಸಮಯದಲ್ಲಿ ವಿಮಾನವನ್ನು ನಡೆಸುತ್ತಿದ್ದ ವ್ಯಕ್ತಿ ಅಥವಾ ಸಂಸ್ಥೆ ಶುಲ್ಕ ತೆರಬೇಕು. ನಡೆಸಿದವರು ಯಾರೆಂದು ತಿಳಿಯದಿದ್ದರೆ, ಬೇರೆಯವರೆಂದು ರುಜುವಾತುಪಡಿಸುವವರೆಗೆ ಮಾಲೀಕನೇ ಹೊಣೆಗಾರ. ಮಿತ್ರರಿಗೆ ವಿಮಾನ ಕೊಟ್ಟು, ಲಾಗ್ ಪುಸ್ತಕ ಸರಿಯಾಗಿಡದ ಮಾಲೀಕನ ಪಾಡು ಇದರಿಂದಲೇ ತಿಳಿಯುತ್ತದೆ.

ಕೆನಡಾದ ಒಂದು ಮೊಕದ್ದಮೆ ಇನ್ನೂ ಮುಂದೆ ಹೋಯಿತು. ಕೆನಡಾ 3000 ಎಂಬ ವಿಮಾನ ಸಂಸ್ಥೆ 2001ರ ನವೆಂಬರಿನಲ್ಲಿ ದಿವಾಳಿಯಾದಾಗ ನ್ಯಾವ್ ಕೆನಡಾಕ್ಕೂ ವಿಮಾನ ನಿಲ್ದಾಣಗಳಿಗೂ ದೊಡ್ಡ ಮೊತ್ತದ ಬಾಕಿ ಉಳಿಯಿತು. ಆ ವಿಮಾನಗಳಲ್ಲಿ ಅನೇಕವು ಗುತ್ತಿಗೆಗೆ ಪಡೆದವು. ಅವುಗಳ ಮಾಲೀಕರು ಒಂದು ಹಾರಾಟವನ್ನೂ ನಡೆಸಿದವರಲ್ಲ. ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಕೊಟ್ಟ ತೀರ್ಪಿನಂತೆ, ಮಾಲೀಕರು ಆ ಸಾಲಕ್ಕೆ ವೈಯಕ್ತಿಕವಾಗಿ ಹೊಣೆಗಾರರಲ್ಲ, ಆದರೆ ಬಾಕಿ ತೀರುವವರೆಗೆ ವಿಮಾನವನ್ನು ತಡೆಹಿಡಿಯುವ ಅಧಿಕಾರ ಸೇವಾ ಸಂಸ್ಥೆಗಳಿಗಿದೆ. ಸಾಲ ನನ್ನದಲ್ಲವೆಂದು ಗೆದ್ದ ಮಾಲೀಕನು ತನ್ನ ಯಂತ್ರವನ್ನು ಬಿಡಿಸಿಕೊಳ್ಳಲು ಆ ಸಾಲವನ್ನೇ ತೀರಿಸಬೇಕಾಯಿತು. ಯಂತ್ರೋಪಕರಣ ಬಾಡಿಗೆಗೆ ಕೊಡುವ ನಮ್ಮ ಸದಸ್ಯರು ಈ ತೀರ್ಪಿನ ತಿರುಳನ್ನು ಅರಿಯುವುದು ಒಳಿತು.

ನಮ್ಮ ದೇಶದ ಸ್ಥಿತಿ

ಭಾರತದಲ್ಲಿ 1995ರಲ್ಲಿ ರಚನೆಯಾದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಮಾರ್ಗ ಸಂಚಾರ ಸೌಲಭ್ಯ ಶುಲ್ಕವನ್ನು ದೂರ ಮತ್ತು ತೂಕದ ಆಧಾರದಲ್ಲಿ ವಸೂಲು ಮಾಡುತ್ತದೆ. ಅದರ ಹೊಣೆಯಲ್ಲಿರುವ ಆಕಾಶ ಸುಮಾರು 28 ಲಕ್ಷ ಚದರ ನಾಟಿಕಲ್ ಮೈಲಿ. ಇದರಲ್ಲಿ ಬಹುಪಾಲು ಸಾಗರದ ಮೇಲಿನದು. ಪರದೇಶಿ ಖಾಸಗಿ ವಿಮಾನವು ನಮ್ಮ ಆಕಾಶವನ್ನು ದಾಟಲು ಶುಲ್ಕದ ಜೊತೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪೂರ್ವಾನುಮತಿಯನ್ನೂ ಪಡೆಯಬೇಕು.

ಹಾದುಹೋಗುವವರು ತೆರುವ ಹಣ ಎಷ್ಟು ಮಹತ್ವದ್ದೆಂಬುದು 2019ರಲ್ಲಿ ಗೋಚರಿಸಿತು. ಆ ವರ್ಷದ ಫೆಬ್ರವರಿ ಅಂತ್ಯದಿಂದ ಜುಲೈ ಮಧ್ಯದವರೆಗೆ ಪಾಕಿಸ್ತಾನವು ತನ್ನ ಆಕಾಶವನ್ನು ಮುಚ್ಚಿದ್ದರಿಂದ ಏರ್ ಇಂಡಿಯಾಕ್ಕೆ ಜುಲೈ 2ರವರೆಗೆ 491 ಕೋಟಿ ರೂಪಾಯಿ ನಷ್ಟವಾಯಿತೆಂದು ರಾಜ್ಯಸಭೆಗೆ ತಿಳಿಸಲಾಯಿತು. ಮುಚ್ಚಿದವರಿಗೂ ಅದು ಅಗ್ಗವಾಗಲಿಲ್ಲ. ತಮಗೆ 850 ಕೋಟಿ ಪಾಕಿಸ್ತಾನಿ ರೂಪಾಯಿ ನಷ್ಟವಾಯಿತೆಂದು ಅಲ್ಲಿನ ವಿಮಾನಯಾನ ಸಚಿವರೇ ಹೇಳಿದರು.

ವ್ಯವಹಾರದಲ್ಲಿ ಗಮನಿಸಬೇಕಾದ ವಿಷಯಗಳು

ಪರದೇಶದಲ್ಲಿ ವಿಮಾನ ಬಾಡಿಗೆಗೆ ಪಡೆಯುವ ಸದಸ್ಯರು ಕರಾರಿನಲ್ಲಿ ಮಾರ್ಗ ಶುಲ್ಕ, ನಿಲ್ದಾಣದ ಬಳಿಯ ನಿಯಂತ್ರಣ ಶುಲ್ಕ ಮತ್ತು ಅನುಮತಿ ಪಡೆಯುವ ವೆಚ್ಚ ಈ ಮೂರೂ ಯಾರಿಗೆ ಸೇರಿದ್ದೆಂದು ಬಿಡಿಸಿ ಬರೆಸಿಕೊಳ್ಳಬೇಕು. ಮಾರ್ಗ ಶುಲ್ಕದ ಬಿಲ್ಲು ಹಾರಾಟ ನಡೆದ ತಿಂಗಳು ಕಳೆದ ಮೇಲೆ ಬರುವುದರಿಂದ ಎಲ್ಲವೂ ಸೇರಿದೆಯೆಂಬ ಬಾಯಿಮಾತು ಆಗ ಯಾರಿಗೂ ನೆನಪಿರುವುದಿಲ್ಲ. ಅನುಮತಿಯನ್ನು ಏಜೆಂಟರ ಮೂಲಕ ಪಡೆಯುವುದಾದರೆ ಸರಕಾರಕ್ಕೆ ಕಟ್ಟಿದ ಹಣದ ಮೂಲ ರಸೀದಿಯನ್ನೂ ಏಜೆಂಟರ ಸೇವಾದರದ ಬಿಲ್ಲನ್ನೂ ಬೇರೆ ಬೇರೆಯಾಗಿ ಕೇಳಿ ಪಡೆಯಬೇಕು. ಒಂದೇ ಸಾಲಿನಲ್ಲಿ ಬರೆದ ಮೊತ್ತವನ್ನು ಲೆಕ್ಕ ಪರಿಶೋಧಕರೂ ಒಪ್ಪಲಾರರು.

ಹಳೆಯ ವಿಮಾನವನ್ನು ಕೊಳ್ಳುವವರು ಎಂಜಿನ್ನಿನ ಗಂಟೆಗಳನ್ನು ಪರಿಶೀಲಿಸುವಷ್ಟೇ ಎಚ್ಚರಿಕೆಯಿಂದ ಅದು ಹಾರಿದ ದೇಶಗಳ ನಿಯಂತ್ರಣ ಶುಲ್ಕದ ಬಾಕಿಯನ್ನೂ ವಿಚಾರಿಸಿ, ಬಾಕಿ ಇಲ್ಲವೆಂಬ ಪತ್ರ ಕೈಸೇರಿದ ಮೇಲೆಯೇ ಕೊನೆಯ ಕಂತನ್ನು ಕೊಡಬೇಕು. ಮಾರುವವರ ಕರ್ತವ್ಯವೂ ಒಂದಿದೆ. ಬಿಲ್ಲು ನೋಂದಣಿ ಸಂಖ್ಯೆಯನ್ನು ಹಿಂಬಾಲಿಸಿ ಬರುವುದರಿಂದ, ಹಸ್ತಾಂತರದ ದಿನಾಂಕ ಮತ್ತು ಕೊಂಡವರ ವಿಳಾಸವನ್ನು ಅದೇ ವಾರದಲ್ಲಿ ಶುಲ್ಕ ವಸೂಲಾತಿ ಕಚೇರಿಗೆ ಲಿಖಿತವಾಗಿ ತಿಳಿಸಿ, ಅದರ ಸ್ವೀಕೃತಿಯನ್ನು ಮಾರಾಟ ಪತ್ರದೊಡನೆ ಇಟ್ಟುಕೊಳ್ಳತಕ್ಕದ್ದು.